ಕೊನೆಯ ಸ್ಲ್ಯಾಶ್ ಬಿಟ್ಟರೆ ಪುಟ ತೆರೆಯುತ್ತಿಲ್ಲ (ಮುಂದೆ ಟ್ರೇಫಿಕ್, ಹಿಂದೆ ಎಂಜಿನೆಕ್ಸ್, ಎರಡೂ ಡಾಕರ್‌ನಲ್ಲಿ)

ಚೌಕಿಮನೆ
ಎಲ್ಲರಿಗೂ ನಮಸ್ಕಾರ. ಊರಿನ ಹವ್ಯಾಸಿ ಯಕ್ಷಗಾನ ತಂಡಕ್ಕೆ ಒಂದು ಸಣ್ಣ ಸೈಟ್ ಮಾಡಿದ್ದೇನೆ. ಹ್ಯೂಗೋದಲ್ಲಿ (ಸೈಟಿನ ಪುಟಗಳನ್ನು ಮೊದಲೇ ತಯಾರಿಸಿಕೊಡುವ ಸಾಧನ) ಮಾಡಿದ್ದು, ಪೂರ್ತಿ ಸ್ಟ್ಯಾಟಿಕ್, ಅಂದರೆ ಬರೀ ಸಿದ್ಧ ಫೈಲ್‌ಗಳು. ಆಡಿದ ಪ್ರಸಂಗಗಳ ಪಟ್ಟಿ, ಹಳೇ ಫೋಟೋ, ಮುಂದಿನ ಆಟ ಎಲ್ಲಿ ಅನ್ನುವುದು, ಇಷ್ಟೇ. ಒಂದು ಅಗ್ಗದ ವಿಪಿಎಸ್ (ಬಾಡಿಗೆ ಸರ್ವರ್) ಇದೆ, ಅದರಲ್ಲಿ ಡಾಕರ್ ಕಂಪೋಸ್, ಅಂದರೆ ಪ್ರತಿ ಪ್ರೋಗ್ರಾಂ ತನ್ನದೇ ಪ್ರತ್ಯೇಕ ಕಂಟೇನರ್ ಒಳಗೆ ಓಡುತ್ತದೆ. ಮುಂದೆ ಟ್ರೇಫಿಕ್ (ಹೊರಗಿನಿಂದ ಬಂದ ಕೋರಿಕೆಯನ್ನು ಸರಿಯಾದ ಕಂಟೇನರ್‌ಗೆ ದಾಟಿಸುವ ಪ್ರಾಕ್ಸಿ), ಹಿಂದೆ ಎಂಜಿನೆಕ್ಸ್ (ಪುಟದ ಫೈಲ್ ಕೊಡುವ ವೆಬ್ ಸರ್ವರ್). ಕಂಟೇನರ್ ಒಳಗೆ ರೂಟ್ ಆಗಿ ಓಡಿಸಬೇಡಿ ಅಂತ ಎಲ್ಲ ಕಡೆ ಓದಿದ್ದೆ, ಹಾಗಾಗಿ ಎಂಜಿನೆಕ್ಸ್‌ನ ಅನ್‌ಪ್ರಿವಿಲೆಜ್ಡ್ ಇಮೇಜ್ ಹಾಕಿದ್ದೇನೆ. ಅದು 80ರ ಬದಲು 8080 ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಹಿಡಿಯುತ್ತದೆ, ಟ್ರೇಫಿಕ್ ಲೇಬಲ್‌ನಲ್ಲೂ 8080 ಅಂತಲೇ ಕೊಟ್ಟಿದ್ದೇನೆ.

ಮುಖಪುಟ ಸರಿಯಾಗಿ ಬರುತ್ತದೆ, ಬೀಗದ ಗುರುತೂ ಇದೆ. ಮೆನು ಒತ್ತಿದರೆ ಎಲ್ಲ ಪುಟವೂ ಬರುತ್ತದೆ. ಆದರೆ ಭಾಗವತರು ವಾಟ್ಸಾಪ್ ಗುಂಪಿನಲ್ಲಿ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಹಾಕಿದ್ದಾರೆ, ಕೊನೆಯಲ್ಲಿ ಬರೀ "/ಪ್ರಸಂಗ", ಅದರ ನಂತರ ಸ್ಲ್ಯಾಶ್ ಇಲ್ಲ. ಅದನ್ನು ಒತ್ತಿದವರಿಗೆಲ್ಲ ಬ್ರೌಸರ್ ಸುತ್ತಿ ಸುತ್ತಿ ಟೈಮ್‌ಔಟ್. ಸ್ಲ್ಯಾಶ್ ಸೇರಿಸಿದರೆ ತಕ್ಷಣ ಬರುತ್ತದೆ. ಒಂದು ಗೀಟಿಗೆ ಇಷ್ಟು ರಗಳೆ ಯಾಕೆ ಮಾರಾಯ್ರೇ?

ಬೈಟು_ಕಾಫಿ
ಸ್ಟ್ಯಾಟಿಕ್ ಸೈಟಿಗೆ ಟ್ರೇಫಿಕ್ ಯಾಕೆ, ಡಾಕರ್ ಯಾಕೆ? ಗಿಟ್‌ಹಬ್ ಪೇಜಸ್‌ಗೆ ಹಾಕಿ ಮಲಗಿ. 1 ಜಿಬಿವರೆಗೆ ಸೈಟ್, ತಿಂಗಳಿಗೆ 100 ಜಿಬಿ ಡೇಟಾ, ದುಡ್ಡು ಸೊನ್ನೆ. ನಿಮ್ಮ ತಂಡದ ಫೋಟೋ ಎಷ್ಟಿದ್ದಾವು?

ಮೂಲೆ_ಬೆಂಚು
ಬಂತು ನೋಡಿ, ಮೊದಲ ಉತ್ತರವೇ "ಇದನ್ನು ಯಾಕೆ ಮಾಡ್ತೀರಿ".

ಬೈಟು_ಕಾಫಿ
ಕೇಳಬೇಕಾದ ಪ್ರಶ್ನೆ ಅಲ್ವಾ? ಸರ್ವರ್ ಇಟ್ಟರೆ ಅಪ್‌ಡೇಟ್ ಮಾಡಬೇಕು, ಸರ್ಟಿಫಿಕೇಟ್ ನೋಡಿಕೊಳ್ಳಬೇಕು, ಲಾಗ್ ತುಂಬಿ ಡಿಸ್ಕ್ ಫುಲ್ ಆದರೆ ರಾತ್ರಿ ಎದ್ದು ಕೂರಬೇಕು. ಹತ್ತು ಎಚ್‌ಟಿಎಂಎಲ್ ಫೈಲಿಗೆ ಇದೆಲ್ಲ ಬೇಕಾ?

ಚೌಕಿಮನೆ
ಸ್ಟ್ಯಾಟಿಕ್ ಸೈಟ್ ಒಂದೇ ಇದ್ದಿದ್ದರೆ ಹಾಗೇ ಮಾಡುತ್ತಿದ್ದೆ. ಅದೇ ವಿಪಿಎಸ್‌ನಲ್ಲಿ ಫೋಟೋ ಗ್ಯಾಲರಿ ಒಂದು ಪಿಎಚ್‌ಪಿಯದ್ದಿದೆ, ಆಟ ಬುಕ್ ಮಾಡುವವರಿಗೆ ಒಂದು ಫಾರ್ಮ್ ಇದೆ. ಮೂರಕ್ಕೂ ಒಂದೇ ಐಪಿ, ಒಂದೇ 443 (ಎಚ್‌ಟಿಟಿಪಿಎಸ್ ಪೋರ್ಟ್). ಮುಂದೆ ಒಂದು ಪ್ರಾಕ್ಸಿ ಬೇಕೇ ಬೇಕು.

ಟರ್ಮಿನಲ್_ತಿಮ್ಮ
ಫೈರ್‌ವಾಲ್‌ನಲ್ಲಿ 8080 ತೆಗೆದು ನೋಡಿ. ಸರಿ ಹೋಗುತ್ತದೆ.

ಹಳೇ_ಸರ್ವರ್
ತಿಮ್ಮಣ್ಣ, ದಯವಿಟ್ಟು ಆ ಸಲಹೆ ಬೇಡ. 8080 ಹೊರಗೆ ತೆಗೆದರೆ ಜನ ಟ್ರೇಫಿಕ್ ಬಿಟ್ಟು ನೇರ ಎಂಜಿನೆಕ್ಸ್‌ಗೆ ಬರುತ್ತಾರೆ, ಅಲ್ಲಿ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ರಕ್ಷಣೆ) ಇಲ್ಲ. ಪುಟ ಕಾಣಿಸುತ್ತದೆ, ಬೀಗ ಹೋಗುತ್ತದೆ. ಅದು ದುರಸ್ತಿ ಅಲ್ಲ.

ಚೌಕಿಮನೆ ಅವರೇ, ಊಹೆ ಮಾಡುವುದಕ್ಕಿಂತ ಒಂದು ಕೆಲಸ ಮಾಡಿ. ಕರ್ಲ್‌ಗೆ (ಟರ್ಮಿನಲ್‌ನಿಂದ ವೆಬ್ ವಿಳಾಸ ಕೇಳುವ ಸಾಧನ) ದೊಡ್ಡ ಐ ಕೊಟ್ಟು ಸ್ಲ್ಯಾಶ್ ಇಲ್ಲದ ವಿಳಾಸ ಕೇಳಿ. ಬರುವ ಹೆಡರ್‌ನಲ್ಲಿ ಲೊಕೇಶನ್ ಸಾಲು ಏನು ಹೇಳುತ್ತದೆ ಅಂತ ಇಲ್ಲಿ ಹಾಕಿ.

ಕರೆಂಟ್_ಹೋಯ್ತು
ನನಗೂ ಟ್ರೇಫಿಕ್ ಹಿಂದೆ ಎಂಜಿನೆಕ್ಸೇ ಇದೆ, ಈ ತೊಂದರೆ ಕಂಡೇ ಇಲ್ಲ. ಡಿಎನ್‌ಎಸ್ ನೋಡಿದ್ರಾ?

ಮೂಲೆ_ಬೆಂಚು
ಮುಖಪುಟ ಬರುತ್ತಿದೆ ಅಂದ ಮೇಲೆ ಡಿಎನ್‌ಎಸ್ ಹೇಗೆ ಆಗುತ್ತದೆ ಸ್ವಾಮಿ.

ಚೌಕಿಮನೆ
ಕರ್ಲ್ ಮಾಡಿದೆ. 301 (ಬೇರೆ ವಿಳಾಸಕ್ಕೆ ಹೋಗಿ ಅನ್ನುವ ಉತ್ತರ, ರೀಡೈರೆಕ್ಟ್) ಬಂತು. ಲೊಕೇಶನ್ ಸಾಲಿನಲ್ಲಿ ನಮ್ಮದೇ ಡೊಮೇನ್ ಇದೆ, ಆದರೆ ಮುಂದೆ ಎಚ್‌ಟಿಟಿಪಿ ಅಂತಿದೆ (ಎಸ್ ಇಲ್ಲ), ಡೊಮೇನ್ ಆದ ಮೇಲೆ ಕೋಲನ್ 8080, ಆಮೇಲೆ ಪ್ರಸಂಗ, ಕೊನೆಗೆ ಸ್ಲ್ಯಾಶ್. ನಾನು ಎಲ್ಲಿಯೂ ಇಂಥ ರೀಡೈರೆಕ್ಟ್ ಬರೆದಿಲ್ಲ! ಎಲ್ಲಿಂದ ಬಂತು ಇದು?

ಹಳೇ_ಸರ್ವರ್
ಸಿಕ್ಕಿತು. ಬರೆದಿದ್ದು ಎಂಜಿನೆಕ್ಸೇ.

ಪ್ರಸಂಗ ಅನ್ನುವುದು ಫೈಲ್ ಅಲ್ಲ, ಫೋಲ್ಡರ್. ಹ್ಯೂಗೋ ಪ್ರತಿ ಪುಟಕ್ಕೂ ಒಂದು ಫೋಲ್ಡರ್ ಮಾಡಿ ಒಳಗೆ ಇಂಡೆಕ್ಸ್ ಎಚ್‌ಟಿಎಂಎಲ್ ಇಡುತ್ತದೆ. ಯಾರಾದರೂ ಸ್ಲ್ಯಾಶ್ ಇಲ್ಲದೆ ಫೋಲ್ಡರ್ ಕೇಳಿದರೆ ಎಂಜಿನೆಕ್ಸ್ "ಸ್ಲ್ಯಾಶ್ ಹಾಕಿಕೊಂಡು ಬನ್ನಿ" ಅಂತ 301 ಕಳಿಸುತ್ತದೆ. ಆ ವಿಳಾಸವನ್ನು ಪೂರ್ತಿಯಾಗಿ ಕಟ್ಟುತ್ತದೆ, ತನಗೆ ಗೊತ್ತಿರುವ ವಿಷಯಗಳಿಂದ. ಹೆಸರು ಎಲ್ಲಿಂದ? ಟ್ರೇಫಿಕ್ ದಾಟಿಸಿದ ಹೋಸ್ಟ್ ಹೆಡರ್‌ನಿಂದ, ಅದು ಸರಿಯಾಗಿದೆ. ಪೋರ್ಟ್ ಎಲ್ಲಿಂದ? ತಾನು ಕೂತಿರುವ 8080ರಿಂದ. ಎಚ್‌ಟಿಟಿಪಿ ಯಾಕೆ? ಟ್ರೇಫಿಕ್ ಅದರ ಹತ್ತಿರ ಟಿಎಲ್‌ಎಸ್ ಇಲ್ಲದೆ ಮಾತಾಡುತ್ತಿದೆ, ಅದಕ್ಕೆ. ಬ್ರೌಸರ್ ಪಾಪ ಹೇಳಿದ ಕಡೆ ಹೋಗುತ್ತದೆ, ನಿಮ್ಮ ಫೈರ್‌ವಾಲ್ 8080ಕ್ಕೆ ಬಾಗಿಲು ಹಾಕಿದೆ, ಟೈಮ್‌ಔಟ್.

ಪರಿಹಾರ ಒಂದೇ ಸಾಲು. ಎಂಜಿನೆಕ್ಸ್ ಸರ್ವರ್ ಬ್ಲಾಕಿನಲ್ಲಿ ಆಬ್ಸಲ್ಯೂಟ್ ರೀಡೈರೆಕ್ಟ್ ಆಫ್ ಅಂತ ಹಾಕಿ, ಮೂರು ಪದವನ್ನೂ ಸಣ್ಣಕ್ಷರದಲ್ಲಿ, ಮೊದಲೆರಡರ ನಡುವೆ ಅಂಡರ್‌ಸ್ಕೋರ್. ಆಗ ಲೊಕೇಶನ್‌ನಲ್ಲಿ ಡೊಮೇನ್, ಪೋರ್ಟ್ ಯಾವುದೂ ಇರುವುದಿಲ್ಲ, ಬರೀ ದಾರಿ ಮಾತ್ರ ಇರುತ್ತದೆ. ಬ್ರೌಸರ್ ತಾನಿರುವ ಎಚ್‌ಟಿಟಿಪಿಎಸ್ ವಿಳಾಸದಲ್ಲೇ ಮುಂದುವರಿಯುತ್ತದೆ.

ಕರೆಂಟ್_ಹೋಯ್ತು
ಓ, ಹಾಗಾದರೆ ನನಗೆ ಯಾಕೆ ಬರಲಿಲ್ಲ?

ಹಳೇ_ಸರ್ವರ್
ನಿಮ್ಮ ಎಂಜಿನೆಕ್ಸ್ 80ರಲ್ಲಿ ಇದೆ ಅನ್ನಿಸುತ್ತದೆ. ಆಗ ಅದು ಕಟ್ಟುವ ವಿಳಾಸದಲ್ಲಿ ಪೋರ್ಟ್ ಬರುವುದಿಲ್ಲ, ಬರೀ ಎಚ್‌ಟಿಟಿಪಿ. ಅದು ಟ್ರೇಫಿಕ್‌ನ 80ಕ್ಕೆ ಬಂದು, ಅಲ್ಲಿಂದ ಎಚ್‌ಟಿಟಿಪಿಎಸ್‌ಗೆ ಇನ್ನೊಂದು ರೀಡೈರೆಕ್ಟ್ ಆಗಿ, ಕೊನೆಗೆ ಪುಟ ತೆರೆಯುತ್ತದೆ. ತೊಂದರೆ ಇದೆ, ಕಾಣುತ್ತಿಲ್ಲ ಅಷ್ಟೇ. ಕರ್ಲ್ ಮಾಡಿ ನೋಡಿ, ಎರಡು ಸುತ್ತು ಹೊಡೆಯುತ್ತಿರುತ್ತದೆ.

ಕರೆಂಟ್_ಹೋಯ್ತು
ಹೊಡೆಯುತ್ತಿದೆ 😄

ರಾತ್ರಿಪಾಳಿ
ಈ ಥರದ ತೊಂದರೆಗಳೆಲ್ಲ ಒಂದೇ ಬೇರಿನವು. ಹಿಂದಿನ ಎಂಜಿನೆಕ್ಸ್ ಚೌಕಿಯಲ್ಲಿ ಕೂತುಕೊಂಡು ತಾನು ರಂಗಸ್ಥಳದಲ್ಲಿದ್ದೇನೆ ಅಂದುಕೊಂಡಿದೆ. ಹೊರಗಿನ ಹೆಸರು, ಹೊರಗಿನ ಪೋರ್ಟ್, ಬಂದವರು ಯಾರು, ಯಾವುದೂ ಅದಕ್ಕೆ ಗೊತ್ತಿಲ್ಲ. ನೀವು ಹೇಳಿಕೊಡಬೇಕು.

ಉದಾಹರಣೆಗೆ ಎಂಜಿನೆಕ್ಸ್‌ನ ಲಾಗ್ ತೆರೆಯಿರಿ. ಬಂದವರೆಲ್ಲರ ಐಪಿಯೂ 172ರಿಂದ ಶುರುವಾಗುವ ಒಂದೇ ವಿಳಾಸ ಇರುತ್ತದೆ. ಅದು ಟ್ರೇಫಿಕ್ ಕಂಟೇನರ್‌ನ ಐಪಿ. ನಿಜವಾದ ಐಪಿ ಎಕ್ಸ್ ಫಾರ್ವರ್ಡೆಡ್ ಫಾರ್ ಹೆಡರ್‌ನಲ್ಲಿ ಇರುತ್ತದೆ, ಅದನ್ನು ನಂಬು ಅಂತ ಎಂಜಿನೆಕ್ಸ್‌ನ ರಿಯಲ್ ಐಪಿ ಮಾಡ್ಯೂಲ್‌ಗೆ ಹೇಳಬೇಕು. ಆದರೆ ಆ ಡಾಕರ್ ನೆಟ್‌ವರ್ಕ್‌ನಿಂದ ಬಂದರೆ ಮಾತ್ರ ನಂಬು ಅನ್ನಿ. ಎಲ್ಲರನ್ನೂ ನಂಬು ಅಂದರೆ ಯಾರು ಬೇಕಾದರೂ ಸುಳ್ಳು ಹೆಡರ್ ಹಾಕಿಕೊಂಡು ಬರಬಹುದು.

ಲಾಗ್_ಓದುಗ
ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮ ಹಳೇ ಆಫೀಸಿನಲ್ಲಿ ಯಾರೋ ಪಾಸ್‌ವರ್ಡ್ ಊಹಿಸಿ ಊಹಿಸಿ ಹೊಡೆಯುತ್ತಿದ್ದರು ಅಂತ ಫೇಲ್2ಬ್ಯಾನ್ (ಲಾಗ್ ನೋಡಿ ಕಾಟ ಕೊಡುವ ಐಪಿ ತಡೆಯುವ ಸಾಧನ) ಹಾಕಿದರು. ಲಾಗ್‌ನಲ್ಲಿ ಇದ್ದಿದ್ದು ಪ್ರಾಕ್ಸಿಯ ಐಪಿ ಒಂದೇ. ಫೇಲ್2ಬ್ಯಾನ್ ನಿಷ್ಠೆಯಿಂದ ಪ್ರಾಕ್ಸಿಯನ್ನೇ ಬ್ಯಾನ್ ಮಾಡಿತು. ಇಡೀ ಸೈಟ್ ಮಟಾಷ್.

ಬೆಣ್ಣೆ_ದೋಸೆ
ಇಷ್ಟೆಲ್ಲ ಯಾಕೆ, ಟ್ರೇಫಿಕ್ ತೆಗೆದು ಕ್ಯಾಡಿ ಹಾಕಿ. ಟ್ರೇಫಿಕ್ ತಾನಾಗಿ ಫೈಲ್ ಕೊಡುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೇ, ಅದಕ್ಕೇ ನಿಮಗೆ ಹಿಂದೆ ಇನ್ನೊಂದು ಎಂಜಿನೆಕ್ಸ್ ಬೇಕಾಗಿದ್ದು. ಕ್ಯಾಡಿ ಎರಡೂ ಮಾಡುತ್ತದೆ. ಸ್ಟ್ಯಾಟಿಕ್ ಫೋಲ್ಡರ್ ಮೌಂಟ್ ಮಾಡಿ ಫೈಲ್ ಸರ್ವರ್ ಅಂತ ಒಂದು ಸಾಲು, ಗ್ಯಾಲರಿಗೆ ರಿವರ್ಸ್ ಪ್ರಾಕ್ಸಿ ಅಂತ ಒಂದು ಸಾಲು. ಸರ್ಟಿಫಿಕೇಟ್ ತಾನೇ ತರುತ್ತದೆ. ಒಂದು ಕಂಟೇನರ್ ಕಡಿಮೆ, ಒಂದು ತಲೆನೋವು ಕಡಿಮೆ.

ಟರ್ಮಿನಲ್_ತಿಮ್ಮ
ಕ್ಯಾಡಿ ಭಕ್ತರು ಬಂದರು, ದಾರಿ ಬಿಡಿ.

ಬೆಣ್ಣೆ_ದೋಸೆ
ಭಕ್ತಿ ಗಿಕ್ತಿ ಏನಿಲ್ಲ. ನನ್ನ ಕ್ಯಾಡಿ ಫೈಲ್ ಪೂರ್ತಿ ಒಂದು ಮೊಬೈಲ್ ಪರದೆಯಲ್ಲಿ ಕಾಣುತ್ತದೆ. ನಿಮ್ಮ ಟ್ರೇಫಿಕ್ ಲೇಬಲ್‌ಗಳನ್ನು ಹಾಕಿ ನೋಡೋಣ.

ಹಳೇ_ಸರ್ವರ್
ಬೆಣ್ಣೆ ದೋಸೆ ಹೇಳಿದ್ದರಲ್ಲಿ ಅರ್ಥ ಇದೆ. ಕಂಟೇನರ್‌ಗಳು ದಿನಾ ಬಂದು ಹೋಗುವ ಕಡೆ ಟ್ರೇಫಿಕ್ ಚೆನ್ನ, ಲೇಬಲ್ ನೋಡಿ ತಾನೇ ದಾರಿ ಹಾಕಿಕೊಳ್ಳುತ್ತದೆ. ಮೂರೇ ಕಂಟೇನರ್ ಇದ್ದು ಅವು ವರ್ಷಗಟ್ಟಲೆ ಹಾಗೇ ಇದ್ದರೆ ಆ ಅನುಕೂಲ ನಮಗೆ ಬೇಕಾಗುವುದೇ ಇಲ್ಲ. ಆದರೆ ಈಗ ಓಡುತ್ತಿರುವುದನ್ನು ಒಂದು ಸಾಲಿನ ತೊಂದರೆಗೆ ಕಿತ್ತು ಹಾಕಿ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ವಿಷಯ, ಟ್ರೇಫಿಕ್‌ಗೆ ಡಾಕರ್ ಸಾಕೆಟ್ (ಡಾಕರ್‌ಗೆ ಆಜ್ಞೆ ಕೊಡುವ ದಾರಿ) ಕೊಟ್ಟಿರುತ್ತೀರಿ ಅಲ್ವಾ? ಆ ಸಾಕೆಟ್ ಸಿಕ್ಕವರಿಗೆ ಇಡೀ ಸರ್ವರ್ ಸಿಕ್ಕ ಹಾಗೆ. ರೀಡ್ ಓನ್ಲಿ ಅಂತ ಮೌಂಟ್ ಮಾಡಿದ್ದೇನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದರಿಂದ ಫೈಲ್ ಅಳಿಸದಂತೆ ತಡೆಯಬಹುದು, ಎಪಿಐಗೆ ಬರುವ ಆಜ್ಞೆಗಳನ್ನು ತಡೆಯಲು ಆಗುವುದಿಲ್ಲ. ಮಧ್ಯ ಒಂದು ಸಾಕೆಟ್ ಪ್ರಾಕ್ಸಿ (ಬೇಕಾದ ಆಜ್ಞೆ ಮಾತ್ರ ದಾಟಿಸುವಂಥದ್ದು) ಇಡಿ, ಇಲ್ಲವೇ ಲೇಬಲ್ ಬಿಟ್ಟು ಟ್ರೇಫಿಕ್‌ನ ಫೈಲ್ ಪ್ರೊವೈಡರ್ ಬಳಸಿ.

ಡಬ್ಲಿನ್_ಕನ್ನಡಿಗ
ಸಾಕೆಟ್ ಅಂದಿದ್ದಕ್ಕೆ ನೆನಪಾಯಿತು. 2025ರ ನವೆಂಬರ್‌ನಲ್ಲಿ ಡಾಕರ್ 29 ಬಂದಾಗ ನಮ್ಮ ಮನೆಯ ಸರ್ವರ್‌ನಲ್ಲಿ ಎಲ್ಲ ಸೈಟೂ 404. ಕಂಟೇನರ್‌ಗಳೆಲ್ಲ ಚೆನ್ನಾಗೇ ಓಡುತ್ತಿವೆ. ಟ್ರೇಫಿಕ್ ಲಾಗ್ ನೋಡಿದರೆ "ನಿನ್ನ ಎಪಿಐ 1.24 ತೀರಾ ಹಳೆಯದು, ಕನಿಷ್ಠ 1.44 ಬೇಕು" ಅಂತ ಡಾಕರ್ ಬಾಗಿಲು ಹಾಕಿದೆ. ಹಳೇ ಟ್ರೇಫಿಕ್ ಯಾವಾಗಲೂ 1.24 ಅಂತಲೇ ಕೇಳುತ್ತಿತ್ತು. ಕಂಟೇನರ್‌ಗಳೇ ಕಾಣದಿದ್ದ ಮೇಲೆ ದಾರಿ ಎಲ್ಲಿಂದ ಬರಬೇಕು. ಟ್ರೇಫಿಕ್ ಹೊಸದು ಹಾಕಿದ ಮೇಲೆ ಸರಿ ಹೋಯಿತು. ಅಪ್‌ಡೇಟ್ ಮಾಡುವವರು ಎರಡನ್ನೂ ಒಟ್ಟಿಗೆ ನೋಡಿಕೊಳ್ಳಿ.

ಬೈಟು_ಕಾಫಿ
ಗಿಟ್‌ಹಬ್ ಪೇಜಸ್‌ನಲ್ಲಿ ಇದ್ಯಾವುದೂ ಇಲ್ಲ. ಸುಮ್ನೆ ಹೇಳಿದೆ.

ಮೂಲೆ_ಬೆಂಚು
ಬೈಟು ಅವರಿಗೆ ಯಾರಾದರೂ ಫುಲ್ ಕಾಫಿ ಕೊಡಿಸಿ ಕೂರಿಸಿ.

ಚೌಕಿಮನೆ
ಆ ಒಂದು ಸಾಲು ಹಾಕಿದೆ, ಕಂಟೇನರ್ ರೀಸ್ಟಾರ್ಟ್ ಮಾಡಿದೆ. ಕರ್ಲ್‌ನಲ್ಲಿ ಲೊಕೇಶನ್ ಈಗ ಬರೀ ದಾರಿ ತೋರಿಸುತ್ತಿದೆ. ಆದರೆ ನನ್ನ ಫೋನಿನಲ್ಲಿ ಇನ್ನೂ 8080ಕ್ಕೇ ಹೋಗುತ್ತಿದೆ!! ಹೆಂಡತಿಯ ಫೋನಿನಲ್ಲಿ ಸರಿಯಾಗಿ ಬರುತ್ತಿದೆ.

ರಾತ್ರಿಪಾಳಿ
301 ಅಂದರೆ ಶಾಶ್ವತ. ನಿಮ್ಮ ಬ್ರೌಸರ್ ಹಳೇ ಉತ್ತರವನ್ನು ನೆನಪಿಟ್ಟುಕೊಂಡು ಸರ್ವರ್‌ನ್ನು ಕೇಳುತ್ತಲೇ ಇಲ್ಲ. ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ, ಬರುತ್ತದೆ. ಆಮೇಲೆ ಕ್ಯಾಶ್ ಅಳಿಸಿ. ವಾಟ್ಸಾಪ್‌ನಲ್ಲಿ ಮೊದಲೇ ಒತ್ತಿದವರಿಗೂ ಇದೇ ಆಗುತ್ತದೆ, ಅವರಿಗೆ ಸ್ಲ್ಯಾಶ್ ಇರುವ ವಿಳಾಸ ಹೊಸದಾಗಿ ಕಳಿಸಿಬಿಡಿ. ಎಲ್ಲರಿಗೂ ಕ್ಯಾಶ್ ಅಳಿಸಿ ಅಂತ ಹೇಳುವುದಕ್ಕಿಂತ ಅದು ಸುಲಭ.

ಚೌಕಿಮನೆ
ಇನ್‌ಕಾಗ್ನಿಟೋದಲ್ಲಿ ಬಂತು. ಹಳೇ ಸರ್ವರ್ ಅವರಿಗೆ, ರಾತ್ರಿಪಾಳಿ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಗುಂಪಿಗೆ ಹೊಸ ಲಿಂಕ್ ಕಳಿಸಿದೆ. ಭಾಗವತರು "ಮೊದಲೇ ಹೀಗೆ ಕಳಿಸಬೇಕಿತ್ತು" ಅಂದರು.

ಲಾಗ್_ಓದುಗ
ಟ್ರೈ ಫೈಲ್ಸ್‌ನಲ್ಲಿ (ಎಂಜಿನೆಕ್ಸ್ ಯಾವ ಫೈಲ್ ಹುಡುಕಬೇಕು ಅಂತ ಹೇಳುವ ಸಾಲು) ವಿಳಾಸದ ಕೊನೆಗೆ ನೇರ ಇಂಡೆಕ್ಸ್ ಫೈಲ್ ಸೇರಿಸಿಬಿಟ್ಟರೆ ರೀಡೈರೆಕ್ಟೇ ಬೇಡ, ಅಲ್ವಾ? ನಾನು ಹಾಗೇ ಮಾಡುತ್ತೇನೆ.

ಹಳೇ_ಸರ್ವರ್
ಮಾಡಬಹುದು, ಆದರೆ ಒಂದೇ ಪುಟ ಎರಡು ವಿಳಾಸದಲ್ಲಿ ಬರುತ್ತದೆ. ಪುಟದೊಳಗೆ ಫೋಟೋಗೆ ರಿಲೇಟಿವ್ ಲಿಂಕ್ ಇದ್ದರೆ ಸ್ಲ್ಯಾಶ್ ಇಲ್ಲದ ವಿಳಾಸದಲ್ಲಿ ಅದು ಒಂದು ಫೋಲ್ಡರ್ ಮೇಲೆ ಹುಡುಕುತ್ತದೆ. ಪಠ್ಯ ಬರುತ್ತದೆ, ಫೋಟೋ ಬರುವುದಿಲ್ಲ. ಆಮೇಲೆ ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡಬೇಕು.

ಕರೆಂಟ್_ಹೋಯ್ತು
ನನ್ನದೊಂದು ಪ್ರಶ್ನೆ. ಇದನ್ನೇ ಮನೆಯಲ್ಲಿ ರಾಸ್ಪ್‌ಬೆರಿ ಪೈ ಮೇಲೆ ಇಡೋಣ ಅಂದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಯಾರೂ ತಲುಪುತ್ತಿಲ್ಲ. ರೂಟರ್‌ನಲ್ಲಿ ಹೊರಗಿನ ಐಪಿ 100.70 ಅಂತ ಶುರುವಾಗುತ್ತದೆ.

ಡಬ್ಲಿನ್_ಕನ್ನಡಿಗ
100.64ರಿಂದ 100.127ರವರೆಗಿನದು ಸಿಜಿನ್ಯಾಟ್‌ಗೆ ಮೀಸಲು. ಅಂದರೆ ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ಒಂದು ನಿಜವಾದ ಐಪಿಯನ್ನು ತುಂಬಾ ಮನೆಗಳಿಗೆ ಹಂಚಿದೆ. ರೂಟರ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ಸ್ಟ್ಯಾಟಿಕ್ ಐಪಿ ಕೇಳಿ ದುಡ್ಡು ಕೊಡಿ, ಇಲ್ಲ ಅಂದರೆ ಸಣ್ಣ ವಿಪಿಎಸ್ ಒಂದಕ್ಕೆ ಮನೆಯಿಂದ ವೈರ್‌ಗಾರ್ಡ್ (ವಿಪಿಎನ್) ಎಳೆದು ಪ್ರಾಕ್ಸಿಯನ್ನು ವಿಪಿಎಸ್‌ನಲ್ಲಿ ಇಡಿ. ಕ್ಲೌಡ್‌ಫ್ಲೇರ್ ಟನಲ್ ಕೂಡ ಆಗುತ್ತದೆ, ಆದರೆ ಟಿಎಲ್‌ಎಸ್ ಅವರ ಹತ್ತಿರ ಬಿಚ್ಚಿಕೊಳ್ಳುತ್ತದೆ, ಅದು ನಿಮಗೆ ಒಪ್ಪಿಗೆಯೋ ನೋಡಿಕೊಳ್ಳಿ.

ಮೂಲೆ_ಬೆಂಚು
ಹೆಸರೇ ಕರೆಂಟ್ ಹೋಯ್ತು ಅಂತಿಟ್ಟುಕೊಂಡು ಮನೆಯಲ್ಲಿ ಸರ್ವರ್ ಇಡುತ್ತಾರಂತೆ.

ಕರೆಂಟ್_ಹೋಯ್ತು
ಯುಪಿಎಸ್ ಇದೆ ಸಾರ್. ಮಳೆಗಾಲದಲ್ಲಿ ಫೈಬರ್ ಮೇಲೆ ಮರ ಬೀಳುತ್ತದೆ, ಅದಕ್ಕೆ ಯುಪಿಎಸ್ ಇಲ್ಲ.

ಟರ್ಮಿನಲ್_ತಿಮ್ಮ
ಸರ್ಟಿಫಿಕೇಟ್ ಬಗ್ಗೆ ಯಾರೂ ಹೇಳಲಿಲ್ಲ. ಚೌಕಿಮನೆ, ಟ್ರೇಫಿಕ್‌ನ ಆಕ್ಮೆ ಜೇಸನ್ ಫೈಲ್ (ಸರ್ಟಿಫಿಕೇಟ್ ಇಟ್ಟುಕೊಳ್ಳುವುದು) ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರ್ ಹೋದರೂ ಉಳಿಯುವ ಜಾಗದಲ್ಲಿ, ಇದೆ ತಾನೇ? ಕಂಟೇನರ್ ಒಳಗೇ ಬಿಟ್ಟರೆ ಪ್ರತಿ ಸಲ ಕಂಟೇನರ್ ಹೊಸದಾದಾಗ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಹತ್ತಿರ ಹೊಸ ಸರ್ಟಿಫಿಕೇಟ್ ಕೇಳುತ್ತದೆ. ಒಂದೇ ಹೆಸರಿಗೆ ಏಳು ದಿನದಲ್ಲಿ 5 ಕೊಡುತ್ತಾರೆ, ಆರನೆಯದಕ್ಕೆ ಇಲ್ಲ. ಪ್ರಯೋಗ ಮಾಡುವಾಗ ಅವರ ಸ್ಟೇಜಿಂಗ್ ಸರ್ವರ್ ಬಳಸಿ. ಆ ಫೈಲ್‌ನ ಪರ್ಮಿಷನ್ 600 ಇರಬೇಕು, ಇಲ್ಲ ಅಂದರೆ ಟ್ರೇಫಿಕ್ ಮುಟ್ಟುವುದೇ ಇಲ್ಲ.

ಹಳೇ_ಸರ್ವರ್
ಈ ಸಲ ತಿಮ್ಮಣ್ಣ ಹೇಳಿದ್ದು ಅಪ್ಪಟ ಸರಿ. ಇನ್ನೊಂದು ಸೇರಿಸುತ್ತೇನೆ. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಇಮೇಲ್ ಕಳಿಸುತ್ತಿತ್ತು, 2025ರ ಜೂನ್‌ನಿಂದ ನಿಲ್ಲಿಸಿದೆ. ಅದನ್ನೇ ನಂಬಿಕೊಂಡು ಕೂತಿದ್ದವರು ಬೇರೆ ಏನಾದರೂ ಮಾನಿಟರ್ ಹಾಕಿಕೊಳ್ಳಿ. ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನೂ ಹಂತಹಂತವಾಗಿ ಇಳಿಸಿ 2029ಕ್ಕೆ 47 ದಿನಕ್ಕೆ ತರುವುದು ಅಂತ ತೀರ್ಮಾನ ಆಗಿದೆ. ಕೈಯಲ್ಲಿ ಬದಲಿಸುವ ಕಾಲ ಮುಗಿಯಿತು.

ರಾತ್ರಿಪಾಳಿ
ಮತ್ತೆ ಆ ಕಂಪೋಸ್ ಫೈಲ್‌ನಲ್ಲಿ ಎಂಜಿನೆಕ್ಸ್‌ಗೆ ಪೋರ್ಟ್ಸ್ ಅಂತ 8080 ಬರೆದಿದ್ದರೆ ಈಗಲೇ ತೆಗೆಯಿರಿ. ಉಬುಂಟುನಲ್ಲಿ ಯುಎಫ್‌ಡಬ್ಲ್ಯೂ (ಫೈರ್‌ವಾಲ್) ಹಾಕಿ 8080 ಮುಚ್ಚಿದ್ದೇನೆ ಅಂತ ನೆಮ್ಮದಿಯಾಗಿರುತ್ತಾರೆ ಜನ. ಡಾಕರ್ ತನ್ನದೇ ಐಪಿ ಟೇಬಲ್ಸ್ ನಿಯಮ ಹಾಕಿಕೊಂಡು ಯುಎಫ್‌ಡಬ್ಲ್ಯೂ ನೋಡುವ ಮೊದಲೇ ಪ್ಯಾಕೆಟ್ ಒಳಗೆ ಬಿಟ್ಟುಕೊಂಡಿರುತ್ತದೆ. ಟ್ರೇಫಿಕ್ ಮತ್ತು ಎಂಜಿನೆಕ್ಸ್ ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ಪೋರ್ಟ್ ಹೊರಗೆ ತೆಗೆಯುವ ಅಗತ್ಯವೇ ಇಲ್ಲ.

ಚೌಕಿಮನೆ
ಇಲ್ಲ ಅಕ್ಕ, ಪೋರ್ಟ್ಸ್ ಹಾಕಿಲ್ಲ, ಟ್ರೇಫಿಕ್‌ಗೆ ಮಾತ್ರ 80, 443. ಫೈರ್‌ವಾಲ್ ಇರುವುದು ವಿಪಿಎಸ್ ಕಂಪನಿಯ ಕಡೆ. ಆಕ್ಮೆ ಫೈಲ್ ವಾಲ್ಯೂಮ್‌ನಲ್ಲೇ ಇದೆ.

ಇನ್ನೊಂದು ವಿಚಿತ್ರ. ಎಂಜಿನೆಕ್ಸ್ ಕಾನ್ಫಿಗ್ ವಿಮ್‌ನಲ್ಲಿ (ಎಡಿಟರ್) ತಿದ್ದಿ ರೀಲೋಡ್ ಕೊಟ್ಟೆ, ಏನೂ ಬದಲಾಗಲಿಲ್ಲ. ಕಂಟೇನರ್ ಒಳಗೆ ಹೋಗಿ ನೋಡಿದರೆ ಹಳೇ ಫೈಲೇ ಇದೆ. ರೀಸ್ಟಾರ್ಟ್ ಮಾಡಿದ ಮೇಲೆ ಹೊಸದು ಬಂತು.

ಹಳೇ_ಸರ್ವರ್
ಒಂದೇ ಫೈಲನ್ನು ಮೌಂಟ್ ಮಾಡಿದ್ದೀರಿ. ವಿಮ್ ಎಷ್ಟೋ ಸಲ ಹಳೇ ಫೈಲ್ ಪಕ್ಕಕ್ಕಿಟ್ಟು ಅದೇ ಹೆಸರಿನಲ್ಲಿ ಹೊಸ ಫೈಲ್ ಬರೆಯುತ್ತದೆ. ಕಂಟೇನರ್ ಹಿಡಿದುಕೊಂಡಿರುವುದು ಹಳೇ ಐನೋಡ್, ಅಂದರೆ ಡಿಸ್ಕಿನಲ್ಲಿರುವ ಹಳೇ ಫೈಲನ್ನೇ. ಫೈಲ್ ಬದಲು ಅದಿರುವ ಫೋಲ್ಡರ್ ಮೌಂಟ್ ಮಾಡಿ.

ಬೆಣ್ಣೆ_ದೋಸೆ
ಟ್ರೇಫಿಕ್ ಜಾಗದಲ್ಲೂ ಎಂಜಿನೆಕ್ಸನ್ನೇ ಇಟ್ಟುಕೊಂಡಿರುವವರಿಗೆ ಒಂದು ಮಾತು. ಕನ್ನಡದ ಒಂದೊಂದು ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್, ಒತ್ತು ಗುಣಿತ ಸೇರಿದರೆ ಇನ್ನೂ ಜಾಸ್ತಿ. ಜಿಜಿಪ್ ಹಾಕಿದರೆ ಚೆನ್ನಾಗಿ ಕುಗ್ಗುತ್ತದೆ. ಆದರೆ ಹಿಂದಿನ ಎಂಜಿನೆಕ್ಸ್‌ನಲ್ಲಿ ಜಿಜಿಪ್ ಆನ್ ಮಾಡಿದರೂ ಕೆಲಸ ಮಾಡದೆ ಇರಬಹುದು. ಮುಂದಿನ ಎಂಜಿನೆಕ್ಸ್ ಹಳೇ ಆವೃತ್ತಿಯಾಗಿದ್ದರೆ, ನೀವು ಬೇರೆ ಹೇಳದ ಹೊರತು ಎಚ್‌ಟಿಟಿಪಿ 1.0ರಲ್ಲಿ ಕೇಳುತ್ತದೆ, ಹಿಂದಿನದು 1.1 ಇದ್ದರೆ ಮಾತ್ರ ಜಿಜಿಪ್ ಕೊಡುತ್ತದೆ. ಎರಡೂ ಸರಿಯಾಗಿಯೇ ಇವೆ, ಪುಟ ಮಾತ್ರ ಕುಗ್ಗದೆ ಹೋಗುತ್ತದೆ. ಮುಂದಿನದರಲ್ಲಿ ಪ್ರಾಕ್ಸಿ ಎಚ್‌ಟಿಟಿಪಿ ವರ್ಷನ್ 1.1 ಅಂತ ಬರೆದುಬಿಡಿ, ಇಲ್ಲವೇ ಜಿಜಿಪ್ ಅಲ್ಲೇ ಮಾಡಿ.

ಲಾಗ್_ಓದುಗ
ಕನ್ನಡ ಅಂದಿರಲ್ಲ, ಕನ್ನಡದಲ್ಲಿ ವಿಳಾಸ ಇಟ್ಟುಕೊಂಡವರಿಗೆ ಇನ್ನೊಂದು ಕಾಟ ಇದೆ. ಚೌಕಿಮನೆ ಅವರ ಮೆನುವಿನಲ್ಲಿ "ಆಲ್ಬಮ್‌ಗಳು" ಅಂತ ಒಂದು ಪುಟ ಇದೆ ಅಂದುಕೊಳ್ಳಿ. ಮ್ ಆದ ಮೇಲೆ ಗ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಅದೂ ಫೋಲ್ಡರ್ ಹೆಸರಿನಲ್ಲಿ ಸೇರಿಕೊಂಡಿರಬಹುದು. ಹಾಗಾಗಿದ್ದರೆ, ಫೋನ್ ಕೀಬೋರ್ಡ್‌ನಲ್ಲಿ ಅದಿಲ್ಲದೆ ಟೈಪ್ ಮಾಡಿದರೆ ಎಂಜಿನೆಕ್ಸ್‌ಗೆ ಅದು ಬೇರೆಯೇ ಹೆಸರು. 404.

ಚೌಕಿಮನೆ
ಅಯ್ಯೋ, ಅಂದುಕೊಳ್ಳುವುದೇನು, ನಿಜವಾಗಿಯೂ ಅದೇ ಹೆಸರಿನ ಪುಟ ಇದೆ!

ರಾತ್ರಿಪಾಳಿ
ಹ್ಯೂಗೋದಲ್ಲಿ ಆ ಪುಟಕ್ಕೆ ಸ್ಲಗ್ (ವಿಳಾಸದಲ್ಲಿ ಬರುವ ಹೆಸರು) ಬೇರೆ ಕೊಡಿ, ಚಿತ್ರಗಳು ಅಂತ ಇಟ್ಟರೂ ಸಾಕು. ಹಳೇ ಹೆಸರು ಮತ್ತು ಕಾಣದ ಅಕ್ಷರ ಇಲ್ಲದ ಹೆಸರು, ಎರಡನ್ನೂ ಏಲಿಯಾಸ್‌ಗೆ ಹಾಕಿ. ಹ್ಯೂಗೋ ಅವಕ್ಕೆ ಸಣ್ಣ ರೀಡೈರೆಕ್ಟ್ ಪುಟ ತಾನೇ ಮಾಡಿಡುತ್ತದೆ.

ಟರ್ಮಿನಲ್_ತಿಮ್ಮ
ನನ್ನ ಕನ್ನಡ ಡೊಮೇನ್‌ಗೂ ಇಂಥದ್ದೇ ಆಗಿತ್ತು. ಎಂಜಿನೆಕ್ಸ್ ಸರ್ವರ್ ನೇಮ್‌ನಲ್ಲಿ ಕನ್ನಡದಲ್ಲೇ ಬರೆದರೆ ಹೊಂದುವುದಿಲ್ಲ. ಬ್ರೌಸರ್ ಕಳಿಸುವುದು ಪ್ಯೂನಿಕೋಡ್, ಎಕ್ಸ್ ಎನ್ ಅಂತ ಶುರುವಾಗುವ ಉದ್ದ ಸಾಲು. ಅದನ್ನೇ ಬರೆಯಬೇಕು.

ಚೌಕಿಮನೆ
ಸ್ಲಗ್ ಬದಲಿಸಿದೆ, ಎರಡೂ ಏಲಿಯಾಸ್ ಹಾಕಿದೆ. ನಾಲ್ಕೈದು ಫೋನಿನಲ್ಲಿ ಟೈಪ್ ಮಾಡಿಸಿ ನೋಡಿದೆವು, ಬರುತ್ತಿದೆ. ಲಾಗ್‌ನಲ್ಲೂ ಈಗ ನಿಜವಾದ ಐಪಿ ಕಾಣುತ್ತಿದೆ. ಸಾಕೆಟ್ ಪ್ರಾಕ್ಸಿ ಭಾನುವಾರ ಮಾಡುತ್ತೇನೆ, ಶನಿವಾರ ರಾತ್ರಿ ಆಟ ಇದೆ.

ಬೈಟು_ಕಾಫಿ
ಎಲ್ಲಿ ಆಟ, ಯಾವ ಪ್ರಸಂಗ?

ಮೂಲೆ_ಬೆಂಚು
ಸೈಟ್‌ನಲ್ಲಿ ಹಾಕಿದ್ದಾರಂತೆ, ಹೋಗಿ ನೋಡಿ. ಸ್ಲ್ಯಾಶ್ ಹಾಕುವುದು ಬಿಡುವುದು ಈಗ ನಿಮ್ಮಿಷ್ಟ.

ಕರೆಂಟ್_ಹೋಯ್ತು
ನನ್ನ ಪೈನಲ್ಲಿ ವೈರ್‌ಗಾರ್ಡ್ ಎದ್ದಿತು, ಆದರೆ ವಿಪಿಎಸ್‌ನ ಟ್ರೇಫಿಕ್ 504 (ಹಿಂದಿನಿಂದ ಸಮಯಕ್ಕೆ ಉತ್ತರ ಬರಲಿಲ್ಲ) ಕೊಡುತ್ತಿದೆ. ಕಂಟೇನರ್ ಎರಡು ನೆಟ್‌ವರ್ಕ್‌ನಲ್ಲಿ ಇದೆ, ಅದರಿಂದ ಏನಾದರೂ?

ಹಳೇ_ಸರ್ವರ್
ಇರಬಹುದು, ಟ್ರೇಫಿಕ್ ತಪ್ಪು ನೆಟ್‌ವರ್ಕ್‌ನ ಐಪಿ ಹಿಡಿದಿರುತ್ತದೆ. ಯಾವ ನೆಟ್‌ವರ್ಕ್ ಅಂತ ಹೇಳುವುದಕ್ಕೆ ಲೇಬಲ್ ಇದೆ. ಆದರೆ ನಿಮ್ಮದು ಹೊಸ ಕಥೆ, ಕಂಪೋಸ್ ಫೈಲ್ ಸಮೇತ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.